ಹುವಾನ್ ವಾಲ್ಡೆಜ್‌ಗೆ ಹೆಸರು ಬಂತು, ನಮ್ಮ ಕಾಫಿಗೆ ಯಾಕೆ ಬರಲಿಲ್ಲ?

ಮೂಡಿಗೆರೆ ತೋಟದವ

ಕೊಯ್ಲು ಮುಗಿದು ಸ್ವಲ್ಪ ಬಿಡುವಾಗಿದೆ. ಬಹಳ ದಿನದಿಂದ ತಲೆ ಕೊರೆಯುತ್ತಿದ್ದ ವಿಷಯವೊಂದನ್ನು ಇಲ್ಲಿ ಹಾಕುತ್ತಿದ್ದೇನೆ. ಜಗಳ ಆಡುವವರು ಆಡಿ, ಬೇಜಾರಿಲ್ಲ.

ಕೊಲಂಬಿಯಾದ ಕಾಫಿ ಬೆಳೆಗಾರರ ಒಕ್ಕೂಟ 1959ರಲ್ಲಿ ಅಮೆರಿಕದ ಗಿರಾಕಿಗಳಿಗಾಗಿ ಒಬ್ಬ ರೈತನನ್ನು ಹುಟ್ಟಿಸಿತು. ಹೆಸರು ಹುವಾನ್ ವಾಲ್ಡೆಜ್. ಮೀಸೆ, ಅಗಲ ಅಂಚಿನ ಹುಲ್ಲಿನ ಟೋಪಿ, ಹೆಗಲ ಮೇಲೆ ಕಂಬಳಿಯಂಥ ಹೊದಿಕೆ, ಪಕ್ಕದಲ್ಲಿ ಕೊಂಚಿತಾ ಅನ್ನುವ ಹೇಸರಗತ್ತೆ. ಅಂಥ ಮನುಷ್ಯ ಎಲ್ಲೂ ಇರಲಿಲ್ಲ. ನ್ಯೂಯಾರ್ಕಿನ ಡಾಯ್ಲ್ ಡೇನ್ ಬರ್ನ್‌ಬಾಕ್ ಎಂಬ ಜಾಹೀರಾತು ಕಂಪನಿ ಕಟ್ಟಿದ ಪಾತ್ರ ಅದು. ಆದರೆ ಅವನು ಮಾಡಿದ ಕೆಲಸ ನೋಡಿ. ಅದುವರೆಗೆ ಅಮೆರಿಕದವರಿಗೆ ಕಾಫಿ ಅಂದರೆ ಡಬ್ಬಿ ಮೇಲಿನ ಕಂಪನಿ ಹೆಸರು. ಒಳಗಿನ ಬೀಜ ಯಾವ ಸೀಮೆಯದು ಅಂತ ಕೇಳುವವರೇ ಇರಲಿಲ್ಲ. ಹುವಾನ್ ಬಂದ ಮೇಲೆ ಕೇಳಲು ಶುರು ಮಾಡಿದರು.

ಅದೇ ಹೊತ್ತಿಗೆ ನಮ್ಮಲ್ಲಿ ಏನಿರಲಿಲ್ಲ ಹೇಳಿ? ಬೆಂಗಳೂರಿನಲ್ಲಿ ಕಾಫಿ ಬೋರ್ಡ್ ಇತ್ತು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1925ರಿಂದಲೇ ಇತ್ತು. ಎಸ್.795 ತಳಿ ತೋಟಗಳಿಗೆ ಬಂದಾಗಿತ್ತು. ಅತ್ತಿ, ಹಲಸು, ನಂದಿ ಮರದ ನೆರಳಲ್ಲಿ ಬೆಳೆದ ಅರೇಬಿಕಾ ಎಂಬ ಒಳ್ಳೆ ಜಾತಿಯ ಕಾಫಿ ಇತ್ತು. ಇಷ್ಟೆಲ್ಲ ಇದ್ದೂ ನಮ್ಮ ಬೀಜ ಯುರೋಪಿನವರ ಮಿಶ್ರಣದೊಳಗೆ ಬಿದ್ದು ಹೆಸರಿಲ್ಲದೆ ಹೋಯಿತು. ಬೋರ್ಡಿನಲ್ಲಿ ಕೂತವರಿಗೆ ಮಾರುವುದು ಗೊತ್ತಿರಲಿಲ್ಲ. ಅಷ್ಟೇ ಅಲ್ವಾ?

ಲೆಕ್ಕಪಕ್ಕ

ಅಷ್ಟೇ ಅಲ್ಲ ಸರ್. ಸರ್ಕಾರದವರನ್ನು ಬೈದರೆ ಎಲ್ಲರೂ ಹೌದೌದು ಅನ್ನುತ್ತಾರೆ, ಅದು ಸುಲಭ.

ಮೊದಲು ಗಾತ್ರ ನೋಡಿ. 1950ರ ಸುಮಾರಿಗೆ ನಮ್ಮ ದೇಶದ ಇಡೀ ಬೆಳೆ 20 ಸಾವಿರ ಟನ್ನಿನ ಆಸುಪಾಸು. ಅದರಲ್ಲಿ ದೊಡ್ಡ ಪಾಲನ್ನು ಮೈಸೂರು, ಮದ್ರಾಸು ಕಡೆಯವರೇ ಕುಡಿದು ಮುಗಿಸುತ್ತಿದ್ದರು. ಕೊಲಂಬಿಯಾ ಆಗ 60 ಕಿಲೋದ ಸುಮಾರು 50 ಲಕ್ಷ ಚೀಲವನ್ನು ವರ್ಷಕ್ಕೆ ಹೊರಗೆ ಕಳಿಸುತ್ತಿತ್ತು. ಅಂದರೆ ಮೂರು ಲಕ್ಷ ಟನ್. ಆ ದೇಶದ ವಿದೇಶಿ ಗಳಿಕೆಯ ಬಹುಪಾಲು ಕಾಫಿಯಿಂದಲೇ ಬರುತ್ತಿತ್ತು. ಅವರಿಗೆ ಅಮೆರಿಕ ಕೈಬಿಟ್ಟರೆ ಊಟ ಇಲ್ಲ. ನಮಗೆ ಹಾಗಿರಲಿಲ್ಲ. ಟೀವಿಯಲ್ಲಿ ಜಾಹೀರಾತು ಕೊಟ್ಟು, ಜನ ಕೇಳಲು ಬಂದರೆ ಕೊಡಲು ಸರಕು ಎಲ್ಲಿತ್ತು?

ಎರಡನೆಯದು, ಬೋರ್ಡ್ ಹುಟ್ಟಿದ್ದು ಬೇರೆ ಕಾರಣಕ್ಕೆ. 1939ರಲ್ಲಿ ಯುದ್ಧ ಶುರುವಾಗಿ ಯುರೋಪಿನ ಬಾಗಿಲು ಮುಚ್ಚಿತು. 1940ರಲ್ಲಿ ಸುಗ್ರೀವಾಜ್ಞೆ ಬಂತು, 1942ರಲ್ಲಿ ಕಾಯ್ದೆ. ಎಲ್ಲರೂ ಬೆಳೆಯನ್ನು ಒಂದೇ ಪೂಲ್‌ಗೆ ಹಾಕಬೇಕು, ಬೋರ್ಡ್ ಮಾರಿ ದುಡ್ಡು ಹಂಚುತ್ತದೆ. ಬೆಳೆಗಾರ ಮುಳುಗದೆ ಉಳಿಯಲಿ ಅನ್ನುವುದು ಉದ್ದೇಶ. ಹೊರಗೆ ಮಾರಲು ಜಾಗ ಇಲ್ಲದ್ದರಿಂದ ಒಳಗೇ ಗಿರಾಕಿ ಹುಡುಕಿದರು. ಚಹಾ ಕುಡಿಯುವ ಉತ್ತರದವರಿಗೆ ಕಾಫಿ ರುಚಿ ಹತ್ತಿಸಲು ಊರೂರಲ್ಲಿ ಇಂಡಿಯಾ ಕಾಫಿ ಹೌಸ್. ಅದರ ಮೊದಲ ಅಂಗಡಿ ಬೋರ್ಡಿಗಿಂತ ಹಳೆಯದು, 1936ರಲ್ಲಿ ಮುಂಬಯಿಯ ಚರ್ಚ್‌ಗೇಟಿನಲ್ಲಿ ತೆರೆದದ್ದು. 50ರ ದಶಕದಲ್ಲಿ ಬೋರ್ಡ್ ಇವನ್ನು ಮುಚ್ಚಲು ಹೊರಟಾಗ ಕೆಲಸಗಾರರೇ ಸಹಕಾರ ಸಂಘ ಮಾಡಿಕೊಂಡರು. ಬೆಂಗಳೂರಿನ ಸಂಘ 1957ರದ್ದು. ಬಿಳಿ ಉಡುಪು, ತಲೆಗೆ ರುಮಾಲು ಕಟ್ಟಿದ ಆ ಬೇರರ್ ಇದ್ದಾರಲ್ಲ, ನಮ್ಮ ಹುವಾನ್ ಅಂದರೆ ಅವರೇ. ದೇಶದ ಒಳಗೆ ಮಾತ್ರ ಓಡಾಡಿದರು.

ಪೇಟೆಬೀದಿ

ಜಾಹೀರಾತು ಕೆಲಸದಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವಳು ನಾನು. ಹುವಾನ್ ವಾಲ್ಡೆಜ್ ಬಗ್ಗೆ ಮಾತಾಡುವವರು ಟೋಪಿ, ಹೇಸರಗತ್ತೆ ಎರಡನ್ನೇ ಹೇಳುತ್ತಾರೆ. ಅವನನ್ನು ಯಾರ ಮೇಲೆ ಬಿಟ್ಟರು ಅನ್ನುವುದು ಮುಖ್ಯ.

1953ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಗಿಡ ಸುಟ್ಟವು. ಮರುವರ್ಷ ಬೆಲೆ ಆಕಾಶಕ್ಕೆ ಹೋಯಿತು. ಕೊಲಂಬಿಯಾದ ಕಾಫಿ ಪೌಂಡಿಗೆ 80 ಸೆಂಟ್ ಮುಟ್ಟಿತ್ತು. ಎಲ್ಲರೂ ಗಿಡ ಹಾಕಿದರು. ದಶಕದ ಕೊನೆಗೆ ಅದೇ ಕಾಫಿ 45 ಸೆಂಟಿನ ಹತ್ತಿರ ಬಂದು ಕೂತಿತು. ಈ ಮಧ್ಯೆ ಬೆಲೆ ಏರಿದ ವರ್ಷಗಳಲ್ಲಿ ಅಮೆರಿಕದ ಹುರಿಯುವ ಕಂಪನಿಗಳು ಒಂದು ಚಾಳಿ ಕಲಿತಿದ್ದವು. ಆಫ್ರಿಕಾದ ರೋಬಸ್ಟಾ ಎಂಬ ಅಗ್ಗದ ಜಾತಿಯ ಬೀಜ ಬೆರೆಸುವುದು. ಇನ್‌ಸ್ಟಂಟ್ ಕಾಫಿ ಬಂದ ಮೇಲಂತೂ ಅದು ಇನ್ನೂ ಸಲೀಸು. ಡಬ್ಬಿ ಮೇಲೆ ಇರೋದು ಕಂಪನಿ ಹೆಸರು. ಒಳಗಿನ ಬೀಜ ಬದಲಾದರೆ ಕೇಳುವವರು ಯಾರು?

ಒಕ್ಕೂಟ ಕೈ ಹಾಕಿದ್ದು ಇಲ್ಲಿಗೇ. ಕುಡಿಯುವವರ ಬಾಯಲ್ಲಿ ಕೊಲಂಬಿಯಾ ಅನ್ನುವ ಹೆಸರು ಬಂದುಬಿಟ್ಟರೆ ಹುರಿಯುವವನು ಆ ಬೀಜವನ್ನು ಸುಮ್ನೆ ಕೈಬಿಡುವ ಹಾಗಿಲ್ಲ. 1960ರ ಶುರುವಿನಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಇಡೀ ಪುಟದ ಜಾಹೀರಾತು ಬಂತು. ಅದನ್ನು ಮನೆಯವರೂ ಓದುತ್ತಾರೆ, ಕಾಫಿ ಕಂಪನಿಯ ಯಜಮಾನರೂ ಓದುತ್ತಾರೆ. ಆಮೇಲೆ ಟೀವಿ. ಜಾಹೀರಾತಿನಲ್ಲಿ ಹೇಳಿದ್ದಾದರೂ ಏನು? ಬೆಟ್ಟದ ಎತ್ತರ, ನೆರಳು, ಹಣ್ಣಾದದ್ದನ್ನೇ ಕೈಯಲ್ಲಿ ಬಿಡಿಸುವುದು, ತೊಳೆಯುವುದು, ಒಣಗಿಸುವುದು. ಒಂದು ಪಾಠವನ್ನು ಮೀಸೆ ಇರುವ ಒಬ್ಬ ಮನುಷ್ಯನ ಕೈಲಿ ಹೇಳಿಸಿದರು. ಇದೇ ಕಂಪನಿ ಅದೇ ಸಮಯದಲ್ಲಿ ಅಮೆರಿಕದವರಿಗೆ ಜರ್ಮನಿಯ ಪುಟ್ಟ ಫೋಕ್ಸ್‌ವ್ಯಾಗನ್ ಕಾರನ್ನೂ ಮಾರುತ್ತಿತ್ತು. ಯುದ್ಧ ಮುಗಿದು 15 ವರ್ಷ ಆಗಿರಲಿಲ್ಲ!

ಇನ್ನೊಂದು ಮಾತು. ಇದಕ್ಕೆ ಮೊದಲು ಲ್ಯಾಟಿನ್ ಅಮೆರಿಕದ ದೇಶಗಳೆಲ್ಲ ಸೇರಿ ಪ್ಯಾನ್ ಅಮೆರಿಕನ್ ಕಾಫಿ ಬ್ಯೂರೋ ನಡೆಸುತ್ತಿದ್ದವು. ಆಫೀಸಿನಲ್ಲಿ ಕೆಲಸ ನಿಲ್ಲಿಸಿ ಕಾಫಿ ಕುಡಿಯುವ 'ಕಾಫಿ ಬ್ರೇಕ್' ಅನ್ನು 1952ರಲ್ಲಿ ದೇಶಕ್ಕೆಲ್ಲ ಹಬ್ಬಿಸಿದ್ದು ಇವರೇ. ಭಾರೀ ಜಾಣ ಕೆಲಸ. ಆದರೆ ಲಾಭ ಎಲ್ಲರಿಗೂ ಹಂಚಿಹೋಯಿತು, ಜಾಸ್ತಿ ಬೆಳೆಯುವ ಬ್ರೆಜಿಲ್‌ಗೆ ಜಾಸ್ತಿ. ಕಾಫಿ ಕುಡಿಯಿರಿ ಅನ್ನುವುದರಿಂದ ನಮ್ಮ ಕಾಫಿ ಕುಡಿಯಿರಿ ಅನ್ನುವುದಕ್ಕೆ ದಾಟಿದ್ದೇ ಹುವಾನ್ ಕಥೆ. ನಮ್ಮ ಬೋರ್ಡ್ ಆ ಹೊತ್ತಲ್ಲಿ ಮೊದಲನೆಯದರಲ್ಲೇ ನಿಂತಿತ್ತು.

ಮೂಡಿಗೆರೆ ತೋಟದವ

ಮೇಡಂ, ಇದನ್ನೇ ನಾನು ಹೇಳಿದ್ದು. ಅಲ್ಲಿ ಯಾರೋ ಕೂತು ಯೋಚನೆ ಮಾಡಿದ್ದಾರೆ.

ನಮ್ಮ ಪೂಲ್ ವ್ಯವಸ್ಥೆಯಲ್ಲಿ ಯೋಚನೆ ಮಾಡಿದವನಿಗೆ ಏನು ಸಿಗುತ್ತಿತ್ತು? ಮನೆ ಖರ್ಚಿಗೆ, ಬೀಜಕ್ಕೆ ಅಂತ ಇಷ್ಟು ಇಟ್ಟುಕೊಂಡು ಉಳಿದದ್ದೆಲ್ಲ ಪೂಲ್‌ಗೆ. ಹೊರಗೆ ಮಾರಿದರೆ ಅಪರಾಧ. ಪಾಯಿಂಟ್ ಲೆಕ್ಕದಲ್ಲಿ ದುಡ್ಡು, ಅದೂ ಕಂತಿನ ಮೇಲೆ ಕಂತು. ಪ್ಲಾಂಟೇಶನ್ ಎ, ಪೀಬೆರಿ, ಅರೇಬಿಕಾ ಚೆರಿ ಅಂತ ದರ್ಜೆಗೆ ತಕ್ಕ ಪಾಯಿಂಟ್ ಇತ್ತು ನಿಜ. ಆದರೆ ಬೀಜದ ಸಿಪ್ಪೆ ತೆಗೆದು ದರ್ಜೆ ಮಾಡುವ ಕ್ಯೂರಿಂಗ್ ವರ್ಕ್ಸ್ ಬಾಗಿಲು ದಾಟಿದ ಮೇಲೆ ಬಾಬಾಬುಡನ್‌ಗಿರಿಯ ಬೀಜವೂ ಒಂದೇ, ಇನ್ನೊಂದು ಕಡೆಯದೂ ಒಂದೇ. ಪಲ್ಪಿಂಗ್‌ನಲ್ಲಿ, ಅಂದರೆ ಹಣ್ಣಿನ ಸಿಪ್ಪೆ ಬಿಡಿಸುವಾಗ, ರಾತ್ರಿಯೆಲ್ಲ ಎದ್ದು ಕೂತು ಬೀಜ ಹುಳಿ ಹಿಡಿಯದ ಹಾಗೆ ನೋಡಿಕೊಂಡವನ ಹೆಸರು ಅಲ್ಲಿಗೇ ಮುಗಿಯಿತು. 1990ರ ದಶಕದಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಡುತ್ತ ಬಂದು 1996ಕ್ಕೆ ಪೂರ್ತಿ ಬಿಟ್ಟರು. ಅಷ್ಟರಲ್ಲಿ ಹುವಾನ್‌ಗೆ 37 ವರ್ಷ.

ಲೆಕ್ಕಪಕ್ಕ

ಕೊಲಂಬಿಯಾದಲ್ಲೂ ಎಲ್ಲವನ್ನೂ ಸೇರಿಸಿಯೇ ಮಾರಿದ್ದು ಸರ್! ಹುವಾನ್ ಅನ್ನುವುದು ಒಂದು ತೋಟದ ಹೆಸರಲ್ಲ. ಲಕ್ಷಗಟ್ಟಲೆ ಸಣ್ಣ ರೈತರ ಬೀಜ ಒಂದಾಗಿ ಬುಯೆನವೆಂತುರಾ ಬಂದರಿಗೆ ಹೋಗುತ್ತಿತ್ತು. ಹಾಗಾಗಿ ಪೂಲ್ ಇದ್ದದ್ದೇ ತಪ್ಪು ಅನ್ನುವ ವಾದ ನಿಲ್ಲುವುದಿಲ್ಲ.

ವ್ಯತ್ಯಾಸ ಬೇರೆ ಕಡೆ ಇದೆ. ಅವರ ಒಕ್ಕೂಟ 1927ರದ್ದು. 1940ರಲ್ಲಿ ರಾಷ್ಟ್ರೀಯ ಕಾಫಿ ನಿಧಿ ಮಾಡಿಕೊಂಡರು. ಹೊರಗೆ ಹೋಗುವ ಕಾಫಿಯ ಮೇಲೆ ತೆರಿಗೆ ಹಾಕಿ ಆ ದುಡ್ಡನ್ನು ನಿಧಿಗೆ ತುಂಬುತ್ತಿದ್ದರು. ನಿಧಿ ಸರ್ಕಾರದ್ದು, ನಡೆಸುವವರು ಬೆಳೆಗಾರರ ಒಕ್ಕೂಟದವರು. ರೈತ ತಂದ ಒಣಗಿದ ಪಾರ್ಚ್‌ಮೆಂಟನ್ನು (ಒಳಸಿಪ್ಪೆ ಇರುವ ಬೀಜವನ್ನು) ಗೊತ್ತಾದ ಬೆಲೆಗೆ ಕೊಳ್ಳುವ ಭರವಸೆ ಅದೇ ನಿಧಿಯಿಂದ. ಚಿಂಚಿನಾದ ಸಂಶೋಧನಾ ಕೇಂದ್ರ 1938ರದ್ದು. ಸರಕು ಸಾಗಿಸಲು ಹಡಗಿನ ಕಂಪನಿ ಬೇಕು ಅಂತ 1946ರಲ್ಲಿ ಗ್ರಾನ್‌ಕೊಲಂಬಿಯಾನಾ ಹಡಗು ಕಂಪನಿಗೂ ಕೈಹಾಕಿದರು. ದರ್ಜೆಗೆ ಬಾರದ ಬೀಜವನ್ನು ಹಡಗು ಹತ್ತಲು ಬಿಡುತ್ತಿರಲಿಲ್ಲ. 1937ರಿಂದ 1958ರವರೆಗೆ ಮಾನುಯೆಲ್ ಮೆಹೀಯಾ ಎಂಬ ಒಬ್ಬನೇ ಮನುಷ್ಯ ಒಕ್ಕೂಟ ನಡೆಸಿದ. ಅವನು ತೀರಿಕೊಂಡ ಮೇಲೆ ಹುವಾನ್ ಬಂದದ್ದು.

ಅಂದರೆ ಮೀಸೆಯವನು ಟೀವಿಗೆ ಬರುವ ಮೊದಲು 30 ವರ್ಷದ ಕೆಲಸ ಆಗಿತ್ತು. ಅಮೆರಿಕದವನು ಈ ತಿಂಗಳು ಕುಡಿದದ್ದೂ ಮುಂದಿನ ತಿಂಗಳು ಕುಡಿದದ್ದೂ ಒಂದೇ ರುಚಿ ಇರಬೇಕಲ್ಲ. ಬರೀ ಜಾಹೀರಾತನ್ನು ಕಿತ್ತುಕೊಂಡು ಬಂದು ಇಲ್ಲಿ ನೆಟ್ಟರೆ ಏನಾಗುತ್ತಿತ್ತು?

ಪೇಟೆಬೀದಿ

ಅದು ಒಪ್ಪಿದೆ. ಆದರೆ ನೆಡಲು ನಮ್ಮ ಹತ್ತಿರ ಅವರಿಗಿಂತ ಒಳ್ಳೆ ಕಥೆ ಇತ್ತು. ಹಜ್‌ಗೆ ಹೋದ ಬಾಬಾ ಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ಬಚ್ಚಿಟ್ಟು ತಂದು ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದರು ಅನ್ನುವ ಕಥೆ. ಕೊಲಂಬಿಯಾದವರು ದುಡ್ಡು ಕೊಟ್ಟು ಕಥೆ ಬರೆಸಿದರು. ನಮಗೆ ಮುಫತ್ತಾಗಿ ಸಿಕ್ಕಿತ್ತು, ಶಾಲೆ ಪುಸ್ತಕಕ್ಕೆ ಬಿಟ್ಟರೆ ಬೇರೆ ಉಪಯೋಗ ಮಾಡಿಕೊಳ್ಳಲಿಲ್ಲ.

ಲೈನ್‌ಮನೆ ಮಗಳು

ಎಲ್ಲರೂ ದೊಡ್ಡ ದೊಡ್ಡ ಲೆಕ್ಕ ಮಾತಾಡುತ್ತಿದ್ದೀರಿ. ನನ್ನ ಅಜ್ಜಿ, ಅಮ್ಮ ಇಬ್ಬರೂ ಹಣ್ಣು ಕೊಯ್ದವರು. ನಾನೂ ರಜೆಯಲ್ಲಿ ಹೋಗಿದ್ದೇನೆ. ಒಂದು ಪ್ರಶ್ನೆ ಕೇಳುತ್ತೇನೆ. ಜಾಹೀರಾತು ಮಾಡಿದ್ದರೆ ಯಾರ ಮುಖ ಹಾಕುತ್ತಿದ್ದಿರಿ?

ಹುವಾನ್ ಆಗಿ ಮೊದಲು ನಟಿಸಿದ ಹೊಸೆ ದುವಾಲ್ ಕೊಲಂಬಿಯಾದವನೇ ಅಲ್ಲ. ಕ್ಯೂಬಾದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿದ್ದ ನಟ. ಹತ್ತು ವರ್ಷ ಅವನೇ ಕೊಲಂಬಿಯಾದ ರೈತ! ಅದೂ ಯಾವ ಕಾಲ ಅಂತೀರಿ? 1948ರಿಂದ ಹತ್ತು ವರ್ಷ ಆ ದೇಶದಲ್ಲಿ ಎರಡು ಪಕ್ಷದವರ ನಡುವೆ ಕೊಲೆ ಸುಲಿಗೆ. ಸುಮಾರು ಎರಡು ಲಕ್ಷ ಜನ ಸತ್ತರು ಅನ್ನುವ ಅಂದಾಜಿದೆ. ತೊಲಿಮಾ, ಕಾಲ್ದಾಸ್ ಥರದ ಕಾಫಿ ಸೀಮೆಗಳಲ್ಲೇ ಜಾಸ್ತಿ ನಡೆದದ್ದು. ಜನ ಜಮೀನು ಬಿಟ್ಟು ಓಡಿದರು. ಅದರ ಹಿಂದೆಯೇ ನಗುನಗುತ್ತ ಹೇಸರಗತ್ತೆ ಹಿಡಿದುಕೊಂಡು ಹುವಾನ್ ಬಂದ.

ನಮ್ಮಲ್ಲಿ ಹಣ್ಣು ಬಿಡಿಸುವವರು ಹೆಂಗಸರು. ಬೆಳಗ್ಗೆ ಇಬ್ಬನಿಗೆ ಸೊಂಟದವರೆಗೂ ಒದ್ದೆ. ಹಳೇ ಶರ್ಟು ಸೀರೆ ಮೇಲೆ, ಸೊಂಟಕ್ಕೆ ಚೀಲ. ಕೊಂಬೆ ಬಗ್ಗಿಸಿದರೆ ಚಗಳಿ ಇರುವೆ ಕೈಗೆ ಹತ್ತುತ್ತದೆ, ಕಚ್ಚಿದರೂ ಕೊಂಬೆ ಬಿಡುವ ಹಾಗಿಲ್ಲ, ಬಿಟ್ಟರೆ ಹಣ್ಣು ಉದುರುತ್ತದೆ. ಸಂಜೆ ಕಣದ ಪಕ್ಕ ಚೀಲ ಸುರಿದು ಹಸಿರು ಕಾಯಿ ಆರಿಸಿ ತೆಗೆಯಬೇಕು. ಆಮೇಲೆ ತೂಕ. ತೋಟದ ಲೆಕ್ಕ ಬರೆಯುವ ರೈಟರ್ ಹೇಳಿದ ಕಿಲೋ ಎಷ್ಟೋ ಅಷ್ಟು. ಹಣ್ಣಾದದ್ದನ್ನೇ ಕೈಯಲ್ಲಿ ಬಿಡಿಸುತ್ತಾರೆ ಅಂತ ಅಮೆರಿಕದವರಿಗೆ ಪಾಠ ಹೇಳಿದರು ಅಂದರಲ್ಲ ಪೇಟೆಬೀದಿ ಅಕ್ಕ, ಆ ಕೈ ಯಾರದ್ದು? 1951ರ ಪ್ಲಾಂಟೇಶನ್ ಲೇಬರ್ ಕಾಯ್ದೆ ಬರುವ ತನಕ ಮನೆ, ಶಿಶುವಿಹಾರ, ಆಸ್ಪತ್ರೆ ಕೊಡಬೇಕು ಅಂತ ಕಾನೂನೂ ಇರಲಿಲ್ಲ. ಬಂದ ಮೇಲೆ ಎಲ್ಲ ಕಡೆ ಕೊಟ್ಟರು ಅಂತಲೂ ಅಲ್ಲ.

ಪೇಟೆಬೀದಿ

ನಟ ಕ್ಯೂಬಾದವನು ಅನ್ನುವುದು ದೊಡ್ಡ ವಿಷಯ ಅಲ್ಲ ತಂಗಿ. ನಮ್ಮ ಕೆಲಸದಲ್ಲಿ ರೈತನ ಪಾತ್ರಕ್ಕೆ ಯಾರನ್ನೆಲ್ಲ ನಿಲ್ಲಿಸಿದ್ದೇವೆ ಅಂತ ಕೇಳಬೇಡ. ಪಾತ್ರದ ಹಿಂದೆ ನಿಜ ಇತ್ತಾ ಅಂತ ನೋಡಬೇಕು. ಕೊಲಂಬಿಯಾದಲ್ಲಿ ಕೆಲವೇ ಎಕರೆಯ ಸಣ್ಣ ತೋಟಗಳು ನಿಜವಾಗಿಯೂ ಲಕ್ಷಗಟ್ಟಲೆ ಇದ್ದವು. ಮನೆ ಹಿತ್ತಲಲ್ಲಿ ಕೈಯಿಂದ ತಿರುಗಿಸುವ ಪುಟ್ಟ ಪಲ್ಪರ್. ಒಣಗಿಸುವುದಕ್ಕೆ ಅವರು ಮಾಡಿಕೊಂಡ ಉಪಾಯ ನನಗೆ ಬಹಳ ಇಷ್ಟ. ಮನೆಯ ಮೇಲಿನ ತಾರಸಿಯಲ್ಲಿ ಕಾಫಿ ಹರಡುತ್ತಾರೆ, ಅದರ ಮೇಲೆ ಹಳಿ ಮೇಲೆ ಜಾರುವ ತಗಡಿನ ಮಾಡು. ಮೋಡ ಕವಿದರೆ ಒಬ್ಬರು ಮಾಡನ್ನು ತಳ್ಳಿದರೆ ಸಾಕು. ಹಾಗೆ ಒಣಗಿಸಿದ್ದನ್ನು ಹೇಸರಗತ್ತೆ ಮೇಲೆ ಹೇರಿಕೊಂಡು ಪೇಟೆಗೆ ಇಳಿಯುತ್ತಿದ್ದರು. ಹುವಾನ್ ಅಂಥವರನ್ನು ನೋಡಿ ಮಾಡಿದ ಪಾತ್ರ.

ಲೈನ್‌ಮನೆ ಮಗಳು

ಅಂಥವರು ಇದ್ದರು, ಸರಿ. ಕೊಯ್ಲಿನ ಕಾಲಕ್ಕೆ ಊರಿಂದ ಊರಿಗೆ ಅಲೆಯುವ ಕೂಲಿಯವರೂ ಇದ್ದರಲ್ಲ? ಅವರು ಜಾಹೀರಾತಲ್ಲಿ ಎಲ್ಲಿ? ಒಕ್ಕೂಟದಲ್ಲಿ ಮಾತು ನಡೆಯುತ್ತಿದ್ದದ್ದು ದೊಡ್ಡ ಬೆಳೆಗಾರರದ್ದು ಅಂತ ಅಲ್ಲಿನವರೇ ದೂರಿದ್ದಾರೆ. ಮುಖ ಮಾತ್ರ ಚಿಕ್ಕವನದ್ದು.

ಕಡಲಕರೆ

ಎಂಥ ಮಾರಾಯ್ರೆ, ಎಲ್ಲರೂ ಘಟ್ಟದ ಮೇಲೆಯೇ ನಿಂತಿದ್ದೀರಿ, ಕೆಳಗೆ ಇಳಿಯುವುದೇ ಇಲ್ಲ. ನಮ್ಮ ಕಾಫಿಗೆ ಹೊರಗೆ ಹೆಸರೇ ಇರಲಿಲ್ಲ ಅಂತ ಯಾರು ಹೇಳಿದ್ದು? ಮಾನ್ಸೂನ್ಡ್ ಮಲಬಾರ್ ಕೇಳಿಲ್ವಾ?

ಹಿಂದೆ ಹಾಯಿ ಹಡಗಿನಲ್ಲಿ ಮಂಗಳೂರಿಂದ ಯುರೋಪಿಗೆ ಹೋಗಲು ತಿಂಗಳುಗಟ್ಟಲೆ ಬೇಕಿತ್ತು. ಮಳೆಗಾಲದ ಕಡಲಿನ ತೇವ ಕುಡಿದು ಬೀಜ ಊದಿ ಹಳದಿಯಾಗುತ್ತಿತ್ತು. ಹುಳಿ ಹೋಗಿ ಬೇರೆಯೇ ರುಚಿ. 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಉಗಿಹಡಗು ಬಂದ ಮೇಲೆ ಕಾಫಿ ಬೇಗ ತಲುಪಿತು. ಹಸಿರಾಗಿಯೇ ತಲುಪಿತು. ನಾರ್ವೆ ಕಡೆಯ ಗಿರಾಕಿಗಳು ಇದಲ್ಲ ನಮ್ಮ ಕಾಫಿ ಅಂದರು! ಅವರಿಗಾಗಿ ಕರಾವಳಿಯ ಗೋದಾಮುಗಳಲ್ಲಿ ಆ ರುಚಿಯನ್ನು ಬೇಕಂತಲೇ ಬರಿಸುವುದು ಶುರುವಾಯಿತು.

ಜೂನ್‌ನಲ್ಲಿ ಬನ್ನಿ, ನೋಡಬಹುದು. ಗೋಡೆ ತೆರೆದ ಗೋದಾಮು. ಅರೇಬಿಕಾ ಚೆರಿ ಬೀಜವನ್ನು ನೆಲದ ಮೇಲೆ ನಾಲ್ಕಾರು ಇಂಚು ದಪ್ಪ ಹರಡಿರುತ್ತಾರೆ. ಆಗಾಗ ಎಳೆದು ತಿರುವಿ ಹಾಕುತ್ತಾರೆ. ಆಮೇಲೆ ಗೋಣಿಚೀಲಕ್ಕೆ ಸಡಿಲವಾಗಿ ತುಂಬಿ, ಸಾಲು ಸಾಲಿನ ನಡುವೆ ಗಾಳಿ ಆಡುವ ಹಾಗೆ ಪೇರಿಸುತ್ತಾರೆ. ಮತ್ತೆ ಸುರಿಯುವುದು, ಮತ್ತೆ ತುಂಬುವುದು. ಸೆಪ್ಟೆಂಬರ್ ಹೊತ್ತಿಗೆ ಬೀಜ ಎರಡರಷ್ಟು ಉಬ್ಬಿದ ಹಾಗೆ ಕಾಣುತ್ತದೆ, ಬಣ್ಣ ಮಸುಕು ಚಿನ್ನದ್ದು. ಇದಕ್ಕೆ ಯಾವ ಟೀವಿಯೂ ಬೇಕಾಗಲಿಲ್ಲ. ಹಡಗು, ಮಳೆ, ಗಿರಾಕಿ ಮೂರೇ ಸೇರಿ ಹೆಸರು ಕೊಟ್ಟವು. ಈಗ ಜಿಐ, ಅಂದರೆ ಊರಿನ ಹೆಸರನ್ನು ಕಾಯುವ ಭೌಗೋಳಿಕ ಗುರುತಿನ ನೋಂದಣಿ ಕೂಡ ಇದೆ.

ಮೂಡಿಗೆರೆ ತೋಟದವ

ಅದು ಎಷ್ಟು ಟನ್ ಹೇಳಿ ಭಟ್ರೇ? ಬೆರಳೆಣಿಕೆ ಗಿರಾಕಿ. ಹೆಸರೂ ಮಲಬಾರಿನದ್ದು, ಬೀಜ ನಮ್ಮ ಘಟ್ಟದ್ದು!

ಕಡಲಕರೆ

ನಾನು ಭಟ್ಟನೂ ಅಲ್ಲ, ಶೆಟ್ಟಿಯೂ ಅಲ್ಲ. ಟನ್ ಕಡಿಮೆಯೇ. ಆದರೆ ಕೇಳಿ ತೆಗೆದುಕೊಳ್ಳುತ್ತಾರಲ್ಲ, ಹೆಸರು ಅಂದರೆ ಅದೇ ಅಲ್ವಾ?

ಒಂಟಿಕೊಪ್ಪಲ್

ಸರ್ಕಾರದವರಿಗೆ ಮಾರಲು ಬರುವುದಿಲ್ಲ ಅನ್ನುವ ಮಾತಿಗೆ ನಮ್ಮೂರಿಂದ ಒಂದು ಉತ್ತರ. ಮೊದಲ ಮಹಾಯುದ್ಧ ಬಂದಾಗ ಗಂಧದ ಕೊರಡು ಜರ್ಮನಿಗೆ ಹೋಗುವುದು ನಿಂತಿತು. ಮೈಸೂರು ಸರ್ಕಾರ ಕೊರಡು ಮಾರುವುದು ಬಿಟ್ಟು ತಾನೇ ಎಣ್ಣೆ ತೆಗೆಯಲು ಹೊರಟಿತು. 1916ರಲ್ಲಿ ಬೆಂಗಳೂರು, ಅದರ ಬೆನ್ನಿಗೇ ಮೈಸೂರಿನ ಕಾರ್ಖಾನೆ. ಆ ಎಣ್ಣೆ ಹೊರಗೆ ಹೋದದ್ದು ಮೈಸೂರು ಅನ್ನುವ ಹೆಸರು ಹೊತ್ತುಕೊಂಡೇ. ಇಂದಿಗೂ ಪ್ಯಾರಿಸ್ಸಿನ ಅತ್ತರಿನವರು ಗಂಧ ಅಂದರೆ ಮೈಸೂರು ಅನ್ನುತ್ತಾರೆ. ಮುಖವೂ ಇಲ್ಲ, ಮೀಸೆಯೂ ಇಲ್ಲ. ಮರ ಪೂರ್ತಿ ಸರ್ಕಾರದ್ದಾಗಿತ್ತು, ಎಣ್ಣೆ ಕಲಬೆರಕೆ ಆಗದ ಹಾಗೆ ಹಿಡಿತ ಇತ್ತು. ಅದಕ್ಕೇ ಹೆಸರು ನಿಂತಿತು. ಮರ ಉಳಿಸಿಕೊಳ್ಳಲಿಲ್ಲ, ಅದು ಬೇರೆ ಸಂಕಟ.

ಎಡಿಸನ್ ಗೌಡ

ನ್ಯೂಜೆರ್ಸಿಯಿಂದ. ಇಲ್ಲಿ ಅಂಗಡಿಯಲ್ಲಿ ಕಾಫಿ ಸಾಲಿಗೆ ಹೋದರೆ 'ಶೇಕಡಾ 100 ಕೊಲಂಬಿಯಾ' ಅಂತ ಬರೆದ ಡಬ್ಬಿಗಳು ಸಾಲಾಗಿ ಇರುತ್ತವೆ. ಕೆಲವದರ ಮೇಲೆ ಟೋಪಿಯವನು, ಹೇಸರಗತ್ತೆ, ಹಿಂದೆ ಎರಡು ಬೆಟ್ಟದ ಮುದ್ರೆ. ಆ ಮುದ್ರೆ 80ರ ದಶಕದ ಶುರುವಿನದ್ದು. ಕಂಪನಿ ಯಾವುದಾದರೂ ಇರಲಿ, ಪೂರ್ತಿ ಕೊಲಂಬಿಯಾ ಬೀಜ ಹಾಕಿದರೆ ಮುದ್ರೆ ಒತ್ತಲು ಬಿಡುತ್ತಾರೆ. ಇಂಡಿಯಾದ ಕಾಫಿ ಬೇಕು ಅಂದರೆ ನಾನು ಹೋಗುವುದು ಪಟೇಲರ ಅಂಗಡಿಗೆ, ಅಲ್ಲಿ ಸಿಗುವುದರಲ್ಲಿ ಅರ್ಧಕ್ಕರ್ಧ ಚಿಕೋರಿ. ನಾವೇ ಚಿಕೋರಿ ಇಲ್ಲದೆ ಕುಡಿಯಲ್ಲ, ಅಮೆರಿಕದವನಿಗೆ ಏನಂತ ಹೇಳೋದು?

ಪೇಟೆಬೀದಿ

ಹಹ್ಹಾ, ಗೌಡ್ರೇ. ಆದರೆ ಮುದ್ರೆ ವಿಷಯ ಗಮನಿಸಿ. ಒಕ್ಕೂಟ ಹುರಿಯುವ ಕಂಪನಿಗಳ ಜೊತೆ ಜಗಳಕ್ಕೆ ಹೋಗಲಿಲ್ಲ. ಅವರ ಡಬ್ಬಿಯ ಮೇಲೆಯೇ ಜಾಗ ಮಾಡಿಕೊಂಡಿತು. ತನ್ನದೇ ಅಂಗಡಿ ತೆರೆದದ್ದು 2002ರಲ್ಲಿ.

ಲೆಕ್ಕಪಕ್ಕ

ಇನ್ನೊಂದು ದೊಡ್ಡ ವಿಷಯ ಯಾರೂ ಎತ್ತಲಿಲ್ಲ. ಸೋವಿಯತ್ ರಷ್ಯಾ. 1953ರಲ್ಲಿ ವ್ಯಾಪಾರ ಒಪ್ಪಂದ ಆಯಿತು. 50ರ ದಶಕದ ಕೊನೆಯಿಂದ ಲೆಕ್ಕವೆಲ್ಲ ರೂಪಾಯಿಯಲ್ಲೇ. ಅವರು ಯಂತ್ರ ಕಳಿಸುತ್ತಿದ್ದರು, ನಾವು ಚಹಾ, ಕಾಫಿ, ಗೋಡಂಬಿ ಕಳಿಸುತ್ತಿದ್ದೆವು. ಬರಬರುತ್ತ ರಷ್ಯಾ ನಮ್ಮ ಕಾಫಿಯ ಅತಿ ದೊಡ್ಡ ಗಿರಾಕಿಯಾಯಿತು. ದಿಲ್ಲಿ, ಮಾಸ್ಕೋ ನಡುವೆ ಮಾತಾಗಿ ಮಾರಾಟವಾಗುವ ಸರಕಿಗೆ ಜಾಹೀರಾತು ಯಾರಿಗೆ ಕೊಡಬೇಕಿತ್ತು? ಮಾಸ್ಕೋದ ಅಂಗಡಿಯಲ್ಲಿ ಸಾಲು ನಿಂತವನಿಗೆ ಆರಿಸಿಕೊಳ್ಳುವ ಹಕ್ಕೇ ಇರಲಿಲ್ಲ.

1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದವೂ ಬಂತು. ಯಾವ ದೇಶ ಎಷ್ಟು ಮಾರಬೇಕು ಅಂತ ಕೋಟಾ. ಕೋಟಾ ಚಿಕ್ಕದಿರುವಾಗ ಬೇಡಿಕೆ ಹೆಚ್ಚಿಸಿಕೊಂಡು ಏನು ಮಾಡುವುದು? ಬೋರ್ಡಿನವರು ಆ ಲೆಕ್ಕದಲ್ಲಿ ಬುದ್ಧಿವಂತರೇ.

ಮೂಡಿಗೆರೆ ತೋಟದವ

ಬುದ್ಧಿವಂತಿಕೆಯ ಫಲ 1991ರಲ್ಲಿ ಕಂಡೆವಲ್ಲ! ರಷ್ಯಾ ಒಡೆದು ಹೋಯಿತು, ನಮ್ಮ ದೊಡ್ಡ ಗಿರಾಕಿಯೇ ಹೋದ. ಆಗ ಯುರೋಪಿನವರ ಬಾಗಿಲು ತಟ್ಟಿದರೆ ನಮ್ಮ ಹೆಸರು ಗೊತ್ತಿದ್ದವರು ಯಾರು? ಕೋಟಾ ಕೊಲಂಬಿಯಾಗೂ ಇತ್ತು. ಇದ್ದೂ ಅವರು ಜಾಹೀರಾತು ನಿಲ್ಲಿಸಲಿಲ್ಲ. ಸುಲಭದ ಗಿರಾಕಿ ಸಿಕ್ಕಾಗಲೇ ಕಷ್ಟದ ಗಿರಾಕಿಯನ್ನು ಹುಡುಕಬೇಕು ಸ್ವಾಮಿ. ನೀವು ಎಷ್ಟೇ ಲೆಕ್ಕ ಹೇಳಿ, ಇದೊಂದು ಮಾತ್ರ ನಾನು ಬಿಡಲ್ಲ.

ಲೆಕ್ಕಪಕ್ಕ

ಇದೊಂದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಬಿಡಬೇಡಿ.

ಆದರೆ ಹೆಸರಿನಿಂದ ಎಷ್ಟು ಕೆಲಸ ಆಗುತ್ತದೆ ಅನ್ನುವುದನ್ನೂ ನೋಡಿ. 1989ರ ಜುಲೈಯಲ್ಲಿ ಕೋಟಾ ಮುರಿದುಬಿತ್ತು. ಕೆಲವೇ ತಿಂಗಳಲ್ಲಿ ಕಾಫಿ ಬೆಲೆ ಅರ್ಧಕ್ಕೆ ಇಳಿಯಿತು. ಆ ಹೊತ್ತಿಗೆ ಹುವಾನ್ ಅಮೆರಿಕದಲ್ಲಿ ಮನೆಮಾತು. ಆದರೂ ಕೊಲಂಬಿಯಾದ ರೈತ ನಮ್ಮವನ ಜೊತೆಗೇ ಕುಸಿದ. ಪೌಂಡಿಗೆ ಕೆಲವು ಸೆಂಟ್ ಹೆಚ್ಚಿಗೆ ಸಿಗುತ್ತಿತ್ತು ನಿಜ. ಪ್ರವಾಹ ಬಂದಾಗ ಅದು ಸಾಲಲಿಲ್ಲ.

ಲೈನ್‌ಮನೆ ಮಗಳು

ಬೆಲೆ ಏರಿದಾಗ ನಮ್ಮ ಕೂಲಿ ಏರಲಿಲ್ಲ, ಬೆಲೆ ಇಳಿದಾಗ ಮಾತ್ರ ಕೆಲಸದ ದಿನ ಕಡಿಮೆ ಆಯಿತು. ಅದನ್ನೂ ಲೆಕ್ಕಕ್ಕೆ ಸೇರಿಸಿ.

ಮೂಡಿಗೆರೆ ತೋಟದವ

ತಂಗಿ ಹೇಳುವುದನ್ನು ಅಲ್ಲಗಳೆಯುವುದಿಲ್ಲ. ಈಗಿನ ಮಾತಿಗೆ ಬರೋಣ. 2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎಲ್ಲಕ್ಕೂ ಜಿಐ ಬಂತು. ಕಾಗದ ಬಂತು, ಅಷ್ಟೇ. ನಾವು ಸುತ್ತಲಿನ ಕೆಲವರು ಸೇರಿ ನಮ್ಮದೇ ಹೆಸರಲ್ಲಿ ಹೊರಗೆ ಕಳಿಸುವ ಯೋಚನೆಯಲ್ಲಿದ್ದೇವೆ. ನೆರಳು ಇನ್ನೂ ಉಳಿಸಿಕೊಂಡಿರುವವರು ನಾವು. ಹುವಾನ್ ಜಾಹೀರಾತಿನಲ್ಲಿ ನೆರಳಿನ ಪಾಠ ಹೇಳಿದವರು 70ರ ದಶಕದಲ್ಲಿ ಮರ ಕಡಿದು ಬಿಸಿಲಿಗೆ ಗಿಡ ಹಾಕಿದರು. ಪ್ಯಾಕೆಟ್ ಮೇಲೆ ಏನು ಹಾಕಬೇಕು ಅನ್ನುವುದರಲ್ಲೇ ನಾವು ಸಿಕ್ಕಿಕೊಂಡಿದ್ದೇವೆ. ಒಬ್ಬರು ಹುಲಿ ಅನ್ನುತ್ತಾರೆ, ಒಬ್ಬರು ಬೆಟ್ಟ ಅನ್ನುತ್ತಾರೆ.

ಪೇಟೆಬೀದಿ

ಹುಲಿ ಬೇಡ, ದಯವಿಟ್ಟು. ಇಂಡಿಯಾದಿಂದ ಹೋಗುವ ಅರ್ಧ ಸಾಮಾನಿನ ಮೇಲೆ ಹುಲಿ, ಇನ್ನರ್ಧದ ಮೇಲೆ ಆನೆ ಇರುತ್ತದೆ.

ಮುಖ ಹಾಕುವುದಾದರೆ ಒಂದು ವಿಷಯ. ದುವಾಲ್ ನಂತರ 1969ರಿಂದ ಕಾರ್ಲೋಸ್ ಸಾಂಚೆಜ್ ಹುವಾನ್ ಆದ. ಅವನು ಕಾಫಿ ಸೀಮೆಯವನು, ಆದರೆ ಕಲಾವಿದ. 2006ರಲ್ಲಿ ಅವನು ನಿವೃತ್ತನಾದಾಗ ಒಕ್ಕೂಟದವರು ದೇಶವೆಲ್ಲ ಹುಡುಕಿ ಕಾರ್ಲೋಸ್ ಕಾಸ್ತನ್ಯೇದಾ ಎಂಬ ನಿಜವಾದ ಕಾಫಿ ಬೆಳೆಗಾರನನ್ನು ಆರಿಸಿದರು. ಇವತ್ತಿನ ಗಿರಾಕಿ ಫೋನ್ ತೆಗೆದು ಹುಡುಕಿಬಿಡುತ್ತಾನೆ. ನಟ ನಡೆಯುವುದಿಲ್ಲ.

ಲೈನ್‌ಮನೆ ಮಗಳು

ನಿಜವಾದ ಬೆಳೆಗಾರ ಸಿಗಲು 47 ವರ್ಷ ಹಿಡಿಯಿತು. ಕೊಯ್ಯುವವಳ ಸರದಿ ಯಾವಾಗ?

ಮೂಡಿಗೆರೆ ತೋಟದವ

ನಮ್ಮಲ್ಲಿ ಮೊದಲ ಸಲವೇ ಬರಲಿ ಅಂತ ಇಟ್ಟುಕೊಳ್ಳಿ. ನಮ್ಮ ತೋಟಕ್ಕೆ ಬರುವ ಒಬ್ಬ ಅಮ್ಮ ಇದ್ದಾರೆ, ಅವರ ಚೀಲದಲ್ಲಿ ಹಸಿರು ಕಾಯಿ ಹುಡುಕಿದರೂ ಸಿಗುವುದಿಲ್ಲ. ಅವರ ಫೋಟೋ ಹಾಕಿದರೆ ಹೇಗೆ? ಎಷ್ಟು ಕೊಡಬೇಕು, ಒಂದೇ ಸಲಕ್ಕಾ, ಪ್ಯಾಕೆಟ್ಟಿಗಿಷ್ಟು ಅಂತಲಾ?

ಲೈನ್‌ಮನೆ ಮಗಳು

ಪ್ಯಾಕೆಟ್ಟಿಗಿಷ್ಟು ಅಂತ ಬರೆದು ಕೊಡಿ. ಆದರೆ ಮೊದಲು ಅವರನ್ನು ಕೇಳಿ ಸರ್, ನಮ್ಮನ್ನಲ್ಲ.

ಲೆಕ್ಕಪಕ್ಕ

ಹಾಗೇ ಒಂದು ಕಿಲೋಗೆ ಎಷ್ಟು ರೂಪಾಯಿ ಪ್ರಚಾರಕ್ಕೆ ಎತ್ತಿಡುತ್ತೀರಿ ಅನ್ನುವುದನ್ನೂ ನಿಮ್ಮ ಗುಂಪಿನಲ್ಲಿ ಈಗಲೇ ತೀರ್ಮಾನ ಮಾಡಿಕೊಳ್ಳಿ. ಬೆಲೆ ಚೆನ್ನಾಗಿರುವಾಗ ಎಲ್ಲರೂ ಕೊಡುತ್ತೇವೆ ಅನ್ನುತ್ತಾರೆ. ಇಳಿದ ವರ್ಷ ಕೊಡುವವರು ಎಷ್ಟು ಜನ ಅಂತ ಎಣಿಸಿ, ಆಮೇಲೆ ಪ್ಯಾಕೆಟ್ ಅಚ್ಚು ಹಾಕಿಸಿ.